ಬಾಸ್ ಗಿಟಾರಿಗೆ ಎಷ್ಟು ವ್ಯಾಟ್ ಬೇಕು?

ವಿದ್ಯುತ್ ಬಾಸ್ ಗಿಟಾರನ್ನು ಕಲಿಯುತ್ತಿರುವ ತರುಣನಾಗಲಿ ತರುಣಿಯಾಗಲಿ ಆಂಪ್ಲಿಫೈಯರನ್ನು ಕೊಳ್ಳಲು ಹೊರಟಾಗ ಮೊಟ್ಟಮೊದಲು ಕೇಳುವ ಪ್ರಶ್ನೆ “ಇದು ಎಷ್ಟು ವ್ಯಾಟಿನದು?” ಎಂಬುದು. ಅಂಗಡಿಯವರೂ ಈ ಪ್ರಶ್ನೆಗಾಗಿಯೇ ಕಾದಿರುವಂತೆ ತೋರುತ್ತದೆ. ಮುನ್ನೂರಕ್ಕಿಂತ ಐನೂರು ಮೇಲು, ಐನೂರಕ್ಕಿಂತ ಎಂಟುನೂರು ಮೇಲು ಎಂಬ ಲೆಕ್ಕ ಕೊಳ್ಳುವವರಿಗೂ ಸುಲಭ, ಮಾರುವವರಿಗೂ ಸುಲಭ. ಬೆಲೆಯು ಅದೇ ಮೆಟ್ಟಿಲುಗಳನ್ನು ಹತ್ತಿಕೊಂಡು ಹೋಗುತ್ತದೆ. ಕಾಲೇಜಿನ ನಾಲ್ವರು ಗೆಳೆಯರು ಕೂಡಿ ವಾದ್ಯವೃಂದವೊಂದನ್ನು ಕಟ್ಟಿ, ಹಬ್ಬಕ್ಕೆ ಬಂದ ಕಾಸನ್ನೂ ವಿದ್ಯಾರ್ಥಿವೇತನದಲ್ಲಿ ಉಳಿದದ್ದನ್ನೂ ಒಟ್ಟುಗೂಡಿಸಿ, ಕಡೆಗೆ ಫಲಕದ ಮೇಲೆ ಅತಿ ದೊಡ್ಡ ಸಂಖ್ಯೆಯುಳ್ಳ ಪೆಟ್ಟಿಗೆಯನ್ನು ಹೊತ್ತು ತರುತ್ತಾರೆ. ತಂದ ಮೇಲೆ ಉಳಿದ ಅಲ್ಪಸ್ವಲ್ಪ ಹಣಕ್ಕೆ ಸಿಕ್ಕಿದ ಸ್ಪೀಕರನ್ನು ಅದಕ್ಕೆ ಜೋಡಿಸುತ್ತಾರೆ. ಈ ಕ್ರಮವೇ ತಲೆಕೆಳಗಾದುದೆಂಬುದು ನಮ್ಮ ಅಭಿಪ್ರಾಯ. ಸ್ಪೀಕರು ಮೊದಲು, ಆಂಪ್ಲಿಫೈಯರು ಆಮೇಲೆ. ವ್ಯಾಟಿನ ಪ್ರಶ್ನೆ ಎಲ್ಲಕ್ಕಿಂತ ಕಡೆಗೆ. ಹೀಗೆ ಹೇಳಲು ನಮಗಿರುವ ಕಾರಣಗಳು ಭೌತಶಾಸ್ತ್ರದವು. ಆ ಭೌತಶಾಸ್ತ್ರವಾದರೂ ಪ್ರೌಢಶಾಲೆಯ ಪುಸ್ತಕದ ಎಲ್ಲೆಯನ್ನು ಬಹಳವಾಗಿ ಮೀರಿದ್ದೇನಲ್ಲ.

ಈ ವಾದ್ಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಬಾಸ್ ಗಿಟಾರಿನ ತಂತಿಗಳ ಕೆಳಗೆ ಆಯಸ್ಕಾಂತಗಳೂ ಅವುಗಳ ಸುತ್ತ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಈ ಅತ್ಯಲ್ಪವನ್ನು ಮೊದಲು ಹದಗೊಳಿಸಿ, ಬಳಿಕ ಸ್ಪೀಕರಿನ ಕಾಗದದ ಶಂಕುವನ್ನು ಅಲುಗಿಸಬಲ್ಲಷ್ಟು ಬಲಪಡಿಸುವುದೇ ಆಂಪ್ಲಿಫೈಯರಿನ ಕೆಲಸ. ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದನ್ನು ಕಾಂಬೊ ಎನ್ನುತ್ತಾರೆ. ಆಂಪ್ಲಿಫೈಯರು ಮಾತ್ರ ಪ್ರತ್ಯೇಕವಾಗಿದ್ದು ಸ್ಪೀಕರ್ ಪೆಟ್ಟಿಗೆಯ ತಲೆಯ ಮೇಲೆ ಕೂರುವಂತಿದ್ದರೆ ಅದೇ ಹೆಡ್. ಹೆಡ್ಡಿನ ಅನುಕೂಲವೆಂದರೆ ಸ್ಪೀಕರನ್ನು ನಮ್ಮ ಇಷ್ಟದಂತೆ ಆರಿಸಬಹುದು. ಅನನುಕೂಲವೂ ಅದೇ, ಏಕೆಂದರೆ ತಪ್ಪಾಗಿ ಆರಿಸುವ ಸ್ವಾತಂತ್ರ್ಯವೂ ಅದರೊಡನೆ ಬರುತ್ತದೆ.

ದೊಡ್ಡ ಸಂಖ್ಯೆಯ ಮೋಹ ಎಲ್ಲಿಂದ ಬಂದಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ೧೯೫೧ರಲ್ಲಿ ಪ್ರಿಸಿಷನ್ ಬಾಸ್ ಎಂಬ ವಿದ್ಯುತ್ ಬಾಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದುವರೆಗೆ ಆಳಿನೆತ್ತರದ ಡಬಲ್ ಬಾಸನ್ನು ನಿಂತು ನುಡಿಸುತ್ತಿದ್ದವರಿಗೆ, ನೃತ್ಯವೃಂದಗಳ ಗದ್ದಲದಲ್ಲಿ ತಮ್ಮ ಸ್ವರ ತಮಗೇ ಕೇಳಿಸುತ್ತಿರಲಿಲ್ಲ. ಹೊಸ ವಾದ್ಯಕ್ಕಾಗಿ ಅವರೇ ೧೯೫೨ರಲ್ಲಿ ಬಾಸ್‌ಮನ್ ಎಂಬ ಆಂಪ್ಲಿಫೈಯರನ್ನು ರಚಿಸಿದರು. ಅದರ ಶಕ್ತಿ ಸುಮಾರು ೨೬ ವ್ಯಾಟ್, ಅದರಲ್ಲಿದ್ದುದು ೧೫ ಅಂಗುಲದ ಒಂದೇ ಸ್ಪೀಕರು. ಆಂಪೆಗ್ ಎಂಬ ಸಂಸ್ಥೆ ೧೯೬೦ರಲ್ಲಿ ಹೊರತಂದ ಬಿ-೧೫ ಪೋರ್ಟಾಫ್ಲೆಕ್ಸ್‌ನ ಶಕ್ತಿಯೂ ೨೫ ವ್ಯಾಟಿನ ಆಸುಪಾಸಿನದು. ಇಷ್ಟಾದರೂ ಅದು ಅಮೆರಿಕದ ಧ್ವನಿಮುದ್ರಣ ಶಾಲೆಗಳಲ್ಲಿ ಮನೆಮಾತಾಯಿತು. ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬಾಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಈ ಪೆಟ್ಟಿಗೆಯನ್ನು ಬಳಸಿದವರಲ್ಲೊಬ್ಬರು.

ಅನಂತರ ಸಭಾಂಗಣಗಳು ಬೆಳೆದುವು. ೧೯೬೫ರ ಆಗಸ್ಟ್ ೧೫ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ೫೫,೦೦೦ಕ್ಕೂ ಹೆಚ್ಚು ಮಂದಿಯ ಎದುರು ಬೀಟಲ್ಸ್ ವೃಂದದವರು ೧೦೦ ವ್ಯಾಟಿನ ಆಂಪ್ಲಿಫೈಯರುಗಳನ್ನಿಟ್ಟುಕೊಂಡು ನುಡಿಸಿದಾಗ, ಜನರ ಕೂಗಿನಲ್ಲಿ ಸಂಗೀತ ಮುಳುಗಿಹೋಯಿತು. ಅಂದಿನ ಸಾರ್ವಜನಿಕ ಧ್ವನಿವ್ಯವಸ್ಥೆಯು ಮುಖ್ಯವಾಗಿ ಗಾಯಕರ ಕಂಠಕ್ಕಾಗಿ ಇದ್ದುದು. ಬಾಸ್ ಗಿಟಾರಿನ ಸ್ವರ ಕೊನೆಯ ಸಾಲಿಗೆ ಮುಟ್ಟಬೇಕಾದರೆ ವೇದಿಕೆಯ ಮೇಲಿನ ಪೆಟ್ಟಿಗೆಯೇ ಅದನ್ನು ತಲಪಿಸಬೇಕಾಗಿತ್ತು. ಈ ಅಗತ್ಯದಿಂದಲೇ ಆಂಪೆಗ್ ಸಂಸ್ಥೆಯ ಎಸ್.ವಿ.ಟಿ. ೧೯೬೯ರಲ್ಲಿ ಹುಟ್ಟಿತು: ೩೦೦ ವ್ಯಾಟ್, ೧೪ ನಿರ್ವಾತ ಕವಾಟಗಳು, ಸುಮಾರು ೪೦ ಕಿಲೋಗ್ರಾಂ ತೂಕ, ಅದರ ಕೆಳಗೆ ಹತ್ತಂಗುಲದ ಎಂಟು ಸ್ಪೀಕರುಗಳ ಬೀರುವಿನಂಥ ಪೆಟ್ಟಿಗೆ. ರೋಲಿಂಗ್ ಸ್ಟೋನ್ಸ್ ವೃಂದವು ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ಇದನ್ನು ಬಳಸಿತು. ದೊಡ್ಡ ವೇದಿಕೆಗೆ ದೊಡ್ಡ ಹೆಡ್ ಎಂಬ ಭಾವನೆ ಬೇರೂರಿದ್ದು ಇಲ್ಲಿಂದ.

ಆದರೆ ಇಂದಿನ ಸಭಾಂಗಣಗಳಲ್ಲಿ ಪರಿಸ್ಥಿತಿ ಪೂರ್ಣವಾಗಿ ಬದಲಾಗಿದೆ. ಹೆಡ್ಡಿನ ಹಿಂಭಾಗದಲ್ಲಿರುವ ಡಿ.ಐ. ಎಂಬ ರಂಧ್ರದಿಂದ ತಂತಿಯೊಂದು ನೇರವಾಗಿ ಮಿಕ್ಸರಿಗೆ ಹೋಗುತ್ತದೆ. ಸಭಿಕರಿಗೆ ಬಾಸ್ ಸ್ವರವನ್ನು ಮುಟ್ಟಿಸುವ ಹೊಣೆ ಸಭಾಂಗಣದ ದೊಡ್ಡ ಸ್ಪೀಕರುಗಳದ್ದು. ವೇದಿಕೆಯ ಹೆಡ್ಡು ನುಡಿಸುವವರಿಗೂ ಪಕ್ಕದ ಡ್ರಮ್ ವಾದಕರಿಗೂ ಕೇಳಿಸಿದರೆ ಆಯಿತು. ಹೀಗೆ ೧೯೬೯ರ ಅಗತ್ಯವು ಹೋಗಿ ಅದರ ಸಂಖ್ಯೆ ಮಾತ್ರ ನಮ್ಮಲ್ಲಿ ಉಳಿದುಕೊಂಡಿದೆ. ನಮ್ಮ ಕಾಲೇಜು ಉತ್ಸವಗಳಲ್ಲಿ ಬಾಡಿಗೆಗೆ ತರಿಸಿದ ಸ್ಪೀಕರುಗಳ ಗೋಪುರದ ನಡುವೆ, ಸಾಲ ಮಾಡಿ ಕೊಂಡ ಎಂಟುನೂರು ವ್ಯಾಟಿನ ಹೆಡ್ಡು ತನ್ನ ಗುಂಡಿಯ ಎರಡನೆಯ ಗೆರೆಯನ್ನು ದಾಟದೆ ಸಂಜೆಯನ್ನು ಕಳೆಯುವುದನ್ನು ಎಷ್ಟೋ ಬಾರಿ ಕಾಣಬಹುದು.

ಇನ್ನು ಆ ಸಂಖ್ಯೆಯ ಬೆಲೆಯೇನೆಂಬುದನ್ನು ನೋಡೋಣ. ವ್ಯಾಟ್ ಎಂಬುದು ಶಕ್ತಿಯ ಅಳತೆ. ಆದರೆ ನಮ್ಮ ಕಿವಿಯು ಶಕ್ತಿಯನ್ನು ಗಜಕೋಲಿನಂತೆ ಅಳೆಯುವುದಿಲ್ಲ. ಶಕ್ತಿಯು ಎರಡರಷ್ಟಾದಾಗ ಶಬ್ದದ ಮಟ್ಟ ಏರುವುದು ೩ ಡೆಸಿಬೆಲ್ ಮಾತ್ರ. ಇದು ಗಮನವಿಟ್ಟು ಕೇಳಿದವರಿಗೆ ಗೊತ್ತಾಗುವ ವ್ಯತ್ಯಾಸವೇ ಹೊರತು ಬೆಚ್ಚಿಬೀಳಿಸುವಂಥದಲ್ಲ. ಶಬ್ದವು ಇಮ್ಮಡಿಯಾಯಿತೆಂದು ಸಾಮಾನ್ಯ ಕೇಳುಗರಿಗೆ ತೋರಬೇಕಾದರೆ ಸುಮಾರು ೧೦ ಡೆಸಿಬೆಲ್, ಎಂದರೆ ಹತ್ತರಷ್ಟು ಶಕ್ತಿ ಬೇಕು. ೫೦೦ ವ್ಯಾಟಿನ ಹೆಡ್ಡಿಗೂ ೮೦೦ ವ್ಯಾಟಿನ ಹೆಡ್ಡಿಗೂ ಇರುವ ಅಂತರ ಲೆಕ್ಕಹಾಕಿದರೆ ೨ ಡೆಸಿಬೆಲ್ ಮಾತ್ರ. ಲಾಗರಿತಮ್ ಕಲಿತ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಪರೀಕ್ಷಿಸಿಕೊಳ್ಳಬಹುದು: ೮೦೦ನ್ನು ೫೦೦ರಿಂದ ಭಾಗಿಸಿ, ಲಾಗ್ ತೆಗೆದು, ಹತ್ತರಿಂದ ಗುಣಿಸಿದರಾಯಿತು. ಎರಡು ಡೆಸಿಬೆಲ್‌ಗಾಗಿ ತೆರುವ ಹೆಚ್ಚಿನ ಹಣ ಎಷ್ಟೆಂಬುದನ್ನು ಬೆಲೆಪಟ್ಟಿಯಲ್ಲಿ ನೋಡಿ ತಾವೇ ನಿರ್ಧರಿಸಲಿ.

ಅದೇ ಹಣವನ್ನು ಸ್ಪೀಕರಿನ ಮೇಲೆ ಹಾಕಿದರೆ ಏನಾಗುತ್ತದೆ? ಸ್ಪೀಕರ್ ಪೆಟ್ಟಿಗೆಯ ವಿವರಪತ್ರದಲ್ಲಿ ಸೂಕ್ಷ್ಮತೆ ಎಂಬ ಸಂಖ್ಯೆಯೊಂದಿರುತ್ತದೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಶಬ್ದ ಬಂದಿತೆಂಬುದೇ ಇದರ ಅರ್ಥ. ಒಂದು ಪೆಟ್ಟಿಗೆಯದು ೯೪, ಇನ್ನೊಂದರದು ೧೦೦ ಎಂದು ಭಾವಿಸೋಣ. ಆರು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನಾಲ್ಕರಷ್ಟು. ಆದ್ದರಿಂದ ಮೊದಲನೆಯ ಪೆಟ್ಟಿಗೆಗೆ ೮೦೦ ವ್ಯಾಟ್ ಉಣಿಸಿ ಪಡೆಯುವ ಶಬ್ದವನ್ನು ಎರಡನೆಯದು ೨೦೦ ವ್ಯಾಟಿನಲ್ಲೇ ಕೊಡುತ್ತದೆ. ಹೆಚ್ಚು ತಿನ್ನುವ ಎತ್ತನ್ನು ಕೊಳ್ಳುವಾಗ ರೈತನು ಎರಡು ಬಾರಿ ಯೋಚಿಸುತ್ತಾನೆ. ನಾವು ಸ್ಪೀಕರನ್ನು ಕೊಳ್ಳುವಾಗ ಆ ಮಾತನ್ನೇ ಕೇಳುವುದಿಲ್ಲ. ಮುದ್ರಿತ ಸೂಕ್ಷ್ಮತೆಯು ಬಹುಮಟ್ಟಿಗೆ ಮಧ್ಯಸ್ಥಾಯಿಯ ಸ್ವರಗಳಿಗೆ ಸಂಬಂಧಿಸಿದ್ದು, ತೀರ ಕೆಳಗಿನ ಸ್ವರಗಳಿಗೆ ಅದು ಹಾಗೆಯೇ ಅನ್ವಯಿಸದು ಎಂಬ ಎಚ್ಚರಿಕೆಯೊಡನೆಯೇ ಇದನ್ನು ಹೇಳುತ್ತಿದ್ದೇವೆ. ಕೆಳಗಿನ ಸ್ವರಗಳ ವಿಷಯದಲ್ಲಿ ಹಾಫ್‌ಮನ್ನರ ಹೆಸರಿನಿಂದ ಪ್ರಸಿದ್ಧವಾದ ಕಠಿಣ ನಿಯಮವೊಂದುಂಟು: ಪೆಟ್ಟಿಗೆ ಚಿಕ್ಕದಾಗಿರಬೇಕು, ಸ್ವರ ಆಳಕ್ಕಿಳಿಯಬೇಕು, ಕಡಿಮೆ ಶಕ್ತಿಯಲ್ಲಿ ಹೆಚ್ಚು ಶಬ್ದ ಬರಬೇಕು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಮೂರನ್ನೂ ಕೊಡುತ್ತೇವೆನ್ನುವ ಜಾಹೀರಾತನ್ನು ವಿಜ್ಞಾನದ ವಿದ್ಯಾರ್ಥಿಗಳು ನಂಬಬೇಕಾಗಿಲ್ಲ.

ಬಾಸ್ ಗಿಟಾರಿಗೆ ಇತರ ವಾದ್ಯಗಳಿಗಿಂತ ಹೆಚ್ಚು ಶಕ್ತಿ ಬೇಕೆಂಬುದೂ ನಿಜವೇ. ಸಾಮಾನ್ಯ ಗಿಟಾರಿಗೆ ಮೂವತ್ತು ವ್ಯಾಟಿನ ಆಂಪ್ಲಿಫೈಯರು ಧಾರಾಳವಾಗಿ ಸಾಕಾಗುವೆಡೆ ಬಾಸಿಗೆ ಇನ್ನೂರು ಬೇಕಾಗುತ್ತದೆ. ಇದಕ್ಕೆ ಕಾರಣ ನಮ್ಮ ಕಿವಿಯ ರಚನೆ. ನಾಲ್ಕು ತಂತಿಯ ಬಾಸಿನ ಅತಿ ಕೆಳಗಿನ ತಂತಿಯು ಸೆಕೆಂಡಿಗೆ ೪೧ ಬಾರಿ ಕಂಪಿಸುತ್ತದೆ. ಐದು ತಂತಿಯದಾದರೆ ಸುಮಾರು ೩೧ ಬಾರಿ. ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿ ಪ್ರಕಟಿಸಿದ ರೇಖಾಚಿತ್ರಗಳೂ, ಅವನ್ನು ತಿದ್ದಿ ಸಿದ್ಧಪಡಿಸಿದ ಇಂದಿನ ಅಂತಾರಾಷ್ಟ್ರೀಯ ಮಾನಕವೂ ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಸೆಕೆಂಡಿಗೆ ೧,೦೦೦ ಕಂಪನಗಳುಳ್ಳ ಸ್ವರವು ೪೦ ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳಿಸುವುದೋ, ೪೦ ಕಂಪನಗಳ ಸ್ವರವು ಅಷ್ಟೇ ಜೋರಾಗಿ ಕೇಳಿಸಲು ಸುಮಾರು ೮೩ ಡೆಸಿಬೆಲ್ ಬೇಕು. ಶಬ್ದ ಹೆಚ್ಚಾದಂತೆ ಈ ಅಂತರ ಕಿರಿದಾಗುತ್ತದೆಯಾದರೂ ಇಲ್ಲವಾಗುವುದಿಲ್ಲ.

ಹಾಗಾದರೆ ಹೆಚ್ಚು ವ್ಯಾಟ್ ಕೊಳ್ಳುವುದೇ ಸರಿಯಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲಿ ಎರಡು ಸಂಗತಿಗಳು ಅಡ್ಡ ಬರುತ್ತವೆ. ಮೊದಲನೆಯದು ಸ್ಪೀಕರಿನ ಶಂಕುವಿನ ಚಲನೆ. ಸ್ವರದ ಕಂಪನಾಂಕ ಅರ್ಧಕ್ಕಿಳಿದಾಗ, ಅದೇ ಮಟ್ಟದ ಶಬ್ದವನ್ನು ಹೊರಡಿಸಲು ಶಂಕುವು ನಾಲ್ಕರಷ್ಟು ದೂರ ಹಿಂದಕ್ಕೂ ಮುಂದಕ್ಕೂ ಚಲಿಸಬೇಕು. ಚಲನೆಗೆ ಮಿತಿಯುಂಟು, ಕೆಲವು ಮಿಲಿಮೀಟರುಗಳ ಆಚೆ ಸುರುಳಿಯು ಆಯಸ್ಕಾಂತದ ಸಂದಿಯಿಂದ ಹೊರಬೀಳುತ್ತದೆ. ತೀರ ಕೆಳಗಿನ ಸ್ವರಗಳಲ್ಲಿ ೫೦೦ ವ್ಯಾಟ್ ತಾಳಬಲ್ಲುದೆಂದು ಬರೆದಿರುವ ಸ್ಪೀಕರು ಅದರ ಅರ್ಧಕ್ಕೂ ಮೊದಲೇ ಈ ಮಿತಿಯನ್ನು ಮುಟ್ಟಬಹುದು. ಬರೆದಿರುವ ಸಂಖ್ಯೆಯು ಸುರುಳಿಯು ಸುಡದೆ ಎಷ್ಟು ಕಾವನ್ನು ತಡೆಯುವುದೆಂಬುದರ ಲೆಕ್ಕ. ಶಂಕುವಿನ ಓಟದ ಲೆಕ್ಕ ಬೇರೆ. ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಬಾಸಿನ ತಂತಿಯನ್ನು ಮೀಟಿದಾಗ ೪೧ರ ಮೂಲಸ್ವರವೊಂದೇ ಹುಟ್ಟುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕಗಳ ಉಪಸ್ವರಗಳೂ ಕೂಡಿ ಬರುತ್ತವೆ. ಮೂಲಸ್ವರವು ಬಹಳ ಕ್ಷೀಣವಾಗಿದ್ದರೂ ೮೨, ೧೨೩, ೧೬೫ರ ಉಪಸ್ವರಗಳು ಸರಿಯಾಗಿ ಕೇಳಿಸುತ್ತಿದ್ದರೆ, ನಮ್ಮ ಶ್ರವಣೇಂದ್ರಿಯವೂ ಮಿದುಳೂ ಕೂಡಿ ಇಲ್ಲದ ೪೧ನ್ನು ಇದೆಯೆಂದೇ ಗ್ರಹಿಸುತ್ತವೆ. ಅಂಗೈಯಗಲದ ರೇಡಿಯೋದಲ್ಲಿ ಬಾಸಿನ ನಡೆಯನ್ನು ನಾವು ಗುರುತಿಸುವುದು ಹೀಗೆಯೇ. ಅನೇಕ ಒಳ್ಳೆಯ ಬಾಸ್ ಪೆಟ್ಟಿಗೆಗಳು ಅತಿ ಕೆಳಗಿನ ಸ್ವರವನ್ನು ತಗ್ಗಿಸಿಯೇ ಹೊರಡಿಸಿದರೂ ಯಾರಿಗೂ ಕೊರತೆಯೆನಿಸದಿರುವುದಕ್ಕೆ ಇದೇ ಕಾರಣ.

ಇದರಿಂದ ಹೆಡ್ಡಿನ ಆಯ್ಕೆಗೆ ಒಂದು ನೇರವಾದ ಸೂಚನೆ ದೊರೆಯುತ್ತದೆ. ೩೦–೪೦ ಕಂಪನಗಳಿಗಿಂತ ಕೆಳಗಿನದನ್ನು ಕತ್ತರಿಸಿಹಾಕುವ ಹೈ-ಪಾಸ್ ಶೋಧಕವಿರುವ ಹೆಡ್ಡು, ಅದಿಲ್ಲದ ಇಮ್ಮಡಿ ವ್ಯಾಟಿನ ಹೆಡ್ಡಿಗಿಂತ ಹೆಚ್ಚು ಉಪಯೋಗಕರ. ಯಾರೂ ಕೇಳದ ಕಂಪನಗಳಿಗಾಗಿ ಶಂಕುವನ್ನು ದಣಿಸುವುದು ವ್ಯರ್ಥ. ಅಂತೆಯೇ ೨೦೦ರಿಂದ ೮೦೦ರವರೆಗಿನ ಮಧ್ಯಭಾಗವನ್ನು ಏರಿಸಿ ಇಳಿಸಲು ಒಳ್ಳೆಯ ಗುಂಡಿಗಳಿರಬೇಕು. ವೃಂದದ ನಡುವೆ ಬಾಸ್ ಎದ್ದು ಕೇಳಿಸುವುದು ಇಲ್ಲಿಂದ. ಮನೆಯಲ್ಲಿ ಒಂಟಿಯಾಗಿ ನುಡಿಸುವಾಗ ಮಧ್ಯವನ್ನು ತಗ್ಗಿಸಿ ಕೆಳಗನ್ನು ಉಬ್ಬಿಸಿದರೆ ಕಿವಿಗೆ ಹಿತವಾಗಿರುತ್ತದೆ. ಡ್ರಮ್ಮಿನೊಡನೆ ಕೂಡಿದೊಡನೆ ಅದೇ ಹದವು ಕರಗಿಹೋಗುತ್ತದೆ. ಆಗ ನುಡಿಸುವವರು ತಮ್ಮ ಹೆಡ್ಡಿಗೆ ಶಕ್ತಿ ಸಾಲದೆಂದು ತಪ್ಪು ತಿಳಿದು ಇನ್ನೂ ದೊಡ್ಡದನ್ನು ಹುಡುಕಹೊರಡುತ್ತಾರೆ.

ಕೊಠಡಿಯ ಮಾತೂ ಇಲ್ಲಿಯೇ ಬರಲಿ. ೪೧ ಕಂಪನಗಳ ಸ್ವರದ ತರಂಗದುದ್ದ ಗಾಳಿಯಲ್ಲಿ ಸುಮಾರು ಎಂಟೂಕಾಲು ಮೀಟರು. ಎದುರುಬದುರು ಗೋಡೆಗಳ ನಡುವೆ ನಾಲ್ಕು ಮೀಟರಿರುವ ಕೊಠಡಿಯಲ್ಲಿ ಅರ್ಧ ತರಂಗವು ಸರಿಯಾಗಿ ಹಿಡಿಸಿ, ೪೩ ಕಂಪನಗಳ ಸುತ್ತಮುತ್ತ ಅನುರಣನವುಂಟಾಗುತ್ತದೆ. ನಮ್ಮ ಮನೆಗಳ ಕೋಣೆಗಳು ಬಹುಪಾಲು ಇದೇ ಅಳತೆಯವು. ಆ ಒಂದೆರಡು ಸ್ವರಗಳು ಗುಂಯ್‌ಗುಡುವುದೂ ಪಕ್ಕದವು ಸಪ್ಪಗಾಗುವುದೂ ಕೋಣೆಯ ದೋಷ. ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ಎಳೆದರೆ ವಾಸಿಯಾಗುತ್ತದೆ, ವ್ಯಾಟ್ ಸೇರಿಸಿದರೆ ಆಗುವುದಿಲ್ಲ.

ಇನ್ನು ಓಮ್‌ಗಳ ವಿಷಯ. ಹೆಡ್ಡಿನ ಫಲಕದಲ್ಲಿ “೫೦೦ ವ್ಯಾಟ್” ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಪಕ್ಕದಲ್ಲಿ “೪ ಓಮ್” ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಈ ಸಣ್ಣಕ್ಷರವೇ ಮುಖ್ಯ. ಪರ್ಯಾಯ ವಿದ್ಯುತ್ತಿಗೆ ಸ್ಪೀಕರು ಒಡ್ಡುವ ಅಡ್ಡಿಯನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಬಾಸ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು ೮ ಓಮಿನವು, ಕೆಲವು ೪ ಓಮಿನವು. ಟ್ರಾನ್ಸಿಸ್ಟರುಗಳ ಹೆಡ್ಡು ಹೊರಡಿಸಬಲ್ಲ ಗರಿಷ್ಠ ವೋಲ್ಟೇಜು ಹೆಚ್ಚುಕಡಿಮೆ ನಿಶ್ಚಿತವಾದದ್ದು. ವೋಲ್ಟೇಜಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆಂಬ ಸೂತ್ರ ವಿದ್ಯಾರ್ಥಿಗಳಿಗೆ ತಿಳಿದದ್ದೇ. ೪ ಓಮಿನಲ್ಲಿ ೫೦೦ ವ್ಯಾಟ್ ಕೊಡುವ ಹೆಡ್ಡಿನ ವೋಲ್ಟೇಜು ಸುಮಾರು ೪೫. ಅದಕ್ಕೆ ೮ ಓಮಿನ ಒಂದೇ ಪೆಟ್ಟಿಗೆಯನ್ನು ಜೋಡಿಸಿದರೆ ದೊರೆಯುವುದು ೨೫೦ ವ್ಯಾಟಿನ ಆಸುಪಾಸು. ಐನೂರರ ಬೆಲೆ ತೆತ್ತು ಇನ್ನೂರೈವತ್ತನ್ನು ಬಳಸುವವರು ಎಷ್ಟು ಮಂದಿಯೋ!

ಇದರಲ್ಲಿ ಮರುಗಬೇಕಾದದ್ದೇನೂ ಇಲ್ಲ, ಏಕೆಂದರೆ ಅದೇ ಮಾದರಿಯ ೮ ಓಮಿನ ಎರಡನೆಯ ಪೆಟ್ಟಿಗೆಯನ್ನು ಮುಂದೊಮ್ಮೆ ಸೇರಿಸಲು ಅವಕಾಶ ಉಳಿದಿದೆ. ಎರಡು ೮ ಓಮಿನವು ಸಮಾಂತರವಾಗಿ ಕೂಡಿದರೆ ೪ ಓಮ್. ಹೆಡ್ಡಿನ ಶಕ್ತಿಯೂ ಎರಡರಷ್ಟು, ಗಾಳಿಯನ್ನು ತಳ್ಳುವ ಶಂಕುಗಳ ವಿಸ್ತಾರವೂ ಎರಡರಷ್ಟು. ಕೆಳಗಿನ ಸ್ವರಗಳಲ್ಲಿ ಒಟ್ಟು ಲಾಭ ೬ ಡೆಸಿಬೆಲ್‌ನಷ್ಟಿರುತ್ತದೆ. ಇಷ್ಟನ್ನೇ ಹೆಡ್ಡೊಂದರಿಂದ ಪಡೆಯಬೇಕಾದರೆ ನಾಲ್ಕರಷ್ಟು ವ್ಯಾಟಿನದನ್ನು ಕೊಳ್ಳಬೇಕಾಗುತ್ತದೆ, ಮತ್ತು ಪಾಪದ ಒಂದೇ ಸ್ಪೀಕರು ಅದನ್ನೆಲ್ಲ ತಾಳಬೇಕಾಗುತ್ತದೆ. ಆದ್ದರಿಂದ ಮೊದಲ ಬಾರಿಗೆ ಕೊಳ್ಳುವವರು ೪ ಓಮಿನ ಪೆಟ್ಟಿಗೆಯ ಕಡೆಗೆ ಆಸೆಪಡದೆ ೮ ಓಮಿನದನ್ನೇ ಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ. ಆದರೆ ಮೂರನೆಯದನ್ನು ಸೇರಿಸಬಾರದು. ಆಗ ಒಟ್ಟು ಅಡ್ಡಿ ೨.೭ ಓಮಿಗೆ ಇಳಿಯುವುದರಿಂದ, ೪ ಓಮೇ ಕನಿಷ್ಠವೆಂದು ಬರೆದಿರುವ ಹೆಡ್ಡು ಕಾದು ನಿಂತುಹೋಗುತ್ತದೆ, ಇಲ್ಲವೆ ಸುಟ್ಟುಹೋಗುತ್ತದೆ.

ವ್ಯಾಟಿನ ಸಂಖ್ಯೆಯಲ್ಲೂ ಜಾತಿಗಳುಂಟು. ಗರಿಷ್ಠ ಕ್ಷಣಿಕ ಶಕ್ತಿಯೆಂದು ೫೦೦ನ್ನು ಬರೆದಿದ್ದರೆ ಅದರ ಸತತ ಶಕ್ತಿ ೨೫೦. ಎಷ್ಟು ಓಮಿಗೆ, ಎಷ್ಟು ವಿಕೃತಿಯೊಡನೆ, ಎಷ್ಟು ಹೊತ್ತಿಗೆ ಎಂಬ ಮೂರನ್ನೂ ಹೇಳದ ಸಂಖ್ಯೆಗೆ ಅರ್ಥವಿಲ್ಲ. ಚತುರರಾದ ಕೆಲವು ವಿದ್ಯಾರ್ಥಿಗಳು ಹೆಡ್ಡಿನ ಹಿಂಬದಿಯಲ್ಲಿ “೧೫೦ ವ್ಯಾಟ್” ಎಂದು ಬರೆದಿರುವುದನ್ನು ತೋರಿಸಿ, ನೂರೈವತ್ತನ್ನು ಉಂಡು ಐನೂರನ್ನು ಹೇಗೆ ಕೊಟ್ಟೀತು, ಶಕ್ತಿನಿತ್ಯತೆಯ ನಿಯಮ ಸುಳ್ಳಾಯಿತೆ ಎಂದು ವಾದಿಸುವುದುಂಟು. ವಾದ ಚೆನ್ನಾಗಿದೆ; ಆದರೆ ಆ ಹಿಂಬದಿಯ ಸಂಖ್ಯೆಯನ್ನು ಸುರಕ್ಷತೆಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಪೂರ್ಣಶಕ್ತಿಯ ಎಂಟನೆಯ ಒಂದು ಭಾಗದಲ್ಲಿ ಅಳೆಯುತ್ತಾರೆ. ಸಂಗೀತವು ಸತತವಾಗಿ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ತಂತಿಯನ್ನು ಮೀಟಿದ ಕ್ಷಣದಲ್ಲಿ ಶಕ್ತಿಯು ಥಟ್ಟನೆ ಏರಿ, ಅದರ ಮರುಕ್ಷಣವೇ ಬಹಳ ಕೆಳಗಿಳಿಯುತ್ತದೆ. ಆ ಏರಿಕೆಗೆ ಬೇಕಾದುದನ್ನು ಹೆಡ್ಡಿನೊಳಗಿನ ಕೆಪಾಸಿಟರುಗಳು ಕೆರೆಯಂತೆ ಶೇಖರಿಸಿಟ್ಟು ಕೊಡುತ್ತವೆ. ಹೆಚ್ಚಿನ ವ್ಯಾಟುಗಳಿಂದ ಏನಾದರೂ ನಿಜವಾದ ಪ್ರಯೋಜನವಿದ್ದರೆ ಅದು ಈ ಕ್ಷಣಿಕ ಏರಿಕೆಯು ಮೊಂಡಾಗದಿರುವುದರಲ್ಲಿದೆ. ಒಳ್ಳೆಯ ಸ್ಪೀಕರಿನೊಡನೆ ೨೦೦ರಿಂದ ೩೦೦ ನಿಜವಾದ ವ್ಯಾಟುಗಳು ಡ್ರಮ್ಮಿನೊಡನೆ ಅಭ್ಯಾಸಕ್ಕೂ ಕಾಲೇಜಿನ ವೇದಿಕೆಗೂ ಸಾಕೆಂದು ನಾವು ಹೇಳುವಾಗ ಈ ಉಳಿತಾಯವನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇವೆ.

ನಿರ್ವಾತ ಕವಾಟವೋ ಟ್ರಾನ್ಸಿಸ್ಟರೋ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಕವಾಟದ ವ್ಯಾಟು ಟ್ರಾನ್ಸಿಸ್ಟರಿನ ವ್ಯಾಟಿಗಿಂತ ದೊಡ್ಡದೆಂದು ಹಿರಿಯ ವಾದಕರು ಹೇಳುತ್ತಾರೆ. ವ್ಯಾಟು ಎಲ್ಲಿದ್ದರೂ ವ್ಯಾಟೇ. ಆದರೆ ಮಿತಿಯನ್ನು ಮೀರಿದಾಗ ಕವಾಟವು ಮೆಲ್ಲಗೆ ಬಾಗುತ್ತದೆ. ಆಗ ಹುಟ್ಟುವ ಉಪಸ್ವರಗಳು ಕಿವಿಗೆ ಒಗ್ಗುವುದರಿಂದ ಅದನ್ನು ಮಿತಿಯಾಚೆಗೂ ನುಡಿಸಬಹುದು. ಟ್ರಾನ್ಸಿಸ್ಟರು ಮಿತಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಹಿರಿಯರ ಅನುಭವ ಸುಳ್ಳಲ್ಲ, ಅವರು ಕೊಡುವ ಕಾರಣ ಮಾತ್ರ ಸರಿಯಲ್ಲ. ಕವಾಟದ ಹೆಡ್ಡನ್ನು ಸ್ಪೀಕರು ಜೋಡಿಸದೆ ಎಂದೂ ನುಡಿಸಬಾರದು. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ. ಅದರ ತೂಕ, ಕವಾಟಗಳನ್ನು ಆಗಾಗ ಬದಲಿಸುವ ಖರ್ಚು, ಇವು ವಿದ್ಯಾರ್ಥಿಗಳ ಕೈಗೆ ಎಟಕುವಂಥವಲ್ಲ. ಈಗಿನ ಹೆಚ್ಚಿನ ಹೆಡ್ಡುಗಳು ಡಿ-ವರ್ಗದವು. ಅವುಗಳಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ಣವಾಗಿ ತೆರೆದು ಮುಚ್ಚುತ್ತ, ತೆರೆದಿರುವ ಅವಧಿಯನ್ನು ಹಿಗ್ಗಿಸಿ ಕುಗ್ಗಿಸಿ ಸ್ವರದ ಆಕೃತಿಯನ್ನು ರಚಿಸುತ್ತವೆ. ಅರೆತೆರೆದ ಸ್ಥಿತಿಯಲ್ಲಿ ಕಾವಾಗಿ ಹೋಗುತ್ತಿದ್ದ ಶಕ್ತಿ ಉಳಿಯುವುದರಿಂದ ದಕ್ಷತೆ ನೂರಕ್ಕೆ ತೊಂಬತ್ತರವರೆಗೆ ಏರಿದೆ; ೫೦೦ ವ್ಯಾಟಿನ ಹೆಡ್ಡುಗಳು ಎರಡು ಮೂರು ಕಿಲೋಗ್ರಾಮಿಗೆ ಇಳಿದಿವೆ. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಹೋಗಬಹುದಾದ ಹೆಡ್ಡು ನಮ್ಮ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವೆಂದೇ ಎಣಿಸುತ್ತೇವೆ. ವ್ಯಾಟು ಅಗ್ಗವಾಗಿರುವುದೂ ಇದರಿಂದಲೇ. ಆದ್ದರಿಂದಲೇ ಅದನ್ನು ಬಡಿವಾರಕ್ಕೆ ಬಳಸುವುದೂ ಸುಲಭವಾಗಿದೆ.

ಹಣ ಪೋಲಾದರೆ ಮತ್ತೆ ಸಂಪಾದಿಸಬಹುದು. ಈ ಪ್ರಶ್ನೆಯಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತುವೊಂದು ಸಿಕ್ಕಿಕೊಂಡಿದೆ. ನಮ್ಮ ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ೮೫ ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಹುದೆಂದೂ, ಅಲ್ಲಿಂದ ಮೇಲಕ್ಕೆ ಪ್ರತಿ ೩ ಡೆಸಿಬೆಲ್‌ಗೂ ಅವಧಿಯನ್ನು ಅರ್ಧಕ್ಕಿಳಿಸಬೇಕೆಂದೂ ಅಮೆರಿಕದ ಕಾರ್ಮಿಕಾರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ಅದರಂತೆ ೧೦೦ ಡೆಸಿಬೆಲ್‌ನಲ್ಲಿ ಉಳಿಯುವುದು ಕಾಲು ಗಂಟೆ. ಮೂರು ಡೆಸಿಬೆಲ್ ಎಂದರೆ ವ್ಯಾಟಿನ ಇಮ್ಮಡಿ ಎಂಬುದನ್ನು ವಾಚಕರು ಮರೆತಿರಲಾರರು. ವೇದಿಕೆಯ ವ್ಯಾಟುಗಳನ್ನು ಇಮ್ಮಡಿಗೊಳಿಸಿ ಬಳಸಿದಾಗಲೆಲ್ಲ ಕಿವಿಗೆ ಸಲ್ಲುವ ಕಾಲ ಅರ್ಧವಾಗುತ್ತದೆ. ಇಂಥ ಅಳತೆಗಳಲ್ಲಿ ಮಂದ್ರಸ್ವರಗಳಿಗೆ ಕಡಿಮೆ ತೂಕ ಕೊಡುತ್ತಾರೆಂಬುದು ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಬಾಸ್ ಏರಿದೊಡನೆ ಗಿಟಾರು ಏರುತ್ತದೆ, ಡ್ರಮ್ಮಿನ ಏಟು ಬಲವಾಗುತ್ತದೆ, ಹಾಡುವವರು ಕಿರುಚತೊಡಗುತ್ತಾರೆ. ಕಿವಿಯಲ್ಲಿ ಕೀರಲು ಸದ್ದು ಉಳಿಯುವುದು ಈ ಪೈಪೋಟಿಯಿಂದ. ವಿಶ್ವ ಆರೋಗ್ಯ ಸಂಸ್ಥೆಯು ಸಂಗೀತಸಭೆಗಳಿಗಾಗಿ ೨೦೨೨ರಲ್ಲಿ ಹೊರಡಿಸಿದ ಮಾನಕವು ಹದಿನೈದು ನಿಮಿಷಗಳ ಸರಾಸರಿಯು ೧೦೦ ಡೆಸಿಬೆಲ್ ಮೀರಬಾರದೆನ್ನುತ್ತದೆ.

ನೆರೆಹೊರೆಯವರೂ ಇದ್ದಾರೆ. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್‌ಗಳ ಮಿತಿಯನ್ನು ಹಾಕಿವೆ. ಗೋಡೆಯು ಗಾಯಕರ ಕಂಠವನ್ನು ತಡೆಯುವಷ್ಟು ಬಾಸಿನ ಸ್ವರವನ್ನು ತಡೆಯಲಾರದು. ಕಂಪನಾಂಕ ಅರ್ಧಕ್ಕಿಳಿದಂತೆಲ್ಲ ಗೋಡೆಯ ತಡೆ ಸುಮಾರು ೬ ಡೆಸಿಬೆಲ್ ಕುಗ್ಗುತ್ತದೆ. ಕೆಳಗಿನ ಮನೆಯ ಅಜ್ಜಿಗೆ ಹಾಡು ಕೇಳಿಸದಿದ್ದರೂ ಬಾಸು ಎದೆಗೇ ತಟ್ಟುತ್ತದೆ. ಆದ್ದರ

ಿಂದ ಹೆಡ್ಡಿನಲ್ಲಿ ಹೆಡ್‌ಫೋನಿನ ರಂಧ್ರವಿದೆಯೇ ಎಂದು ನೋಡುವುದು ವ್ಯಾಟು ನೋಡುವುದಕ್ಕಿಂತ ಮೊದಲಿನ ಕೆಲಸ.

ಅಂಗಡಿಗೆ ಹೋಗುವಾಗ ತಮ್ಮದೇ ಬಾಸ್ ಗಿಟಾರನ್ನು ಒಯ್ಯಬೇಕು. ಸಾಧ್ಯವಾದರೆ ಸ್ಪೀಕರ್ ಪೆಟ್ಟಿಗೆಯನ್ನು ಮೊದಲು ಆರಿಸಿ, ಎರಡು ಮೂರು ಹೆಡ್ಡುಗಳನ್ನು ಅದೇ ಪೆಟ್ಟಿಗೆಗೆ ಜೋಡಿಸಿ ಕೇಳಬೇಕು. ಹೋಲಿಸುವಾಗ ಎಲ್ಲವುಗಳ ಶಬ್ದವನ್ನು ಒಂದೇ ಮಟ್ಟಕ್ಕೆ ತಂದುಕೊಳ್ಳುವುದು ಅತ್ಯವಶ್ಯಕ, ಏಕೆಂದರೆ ಸ್ವಲ್ಪ ಜೋರಾಗಿರುವುದೇ ಇಂಪೆಂದು ಕಿವಿಯು ಮೋಸಹೋಗುತ್ತದೆ. ಅಂಗಡಿಯ ಮಿಕ್ಸರಿಗೆ ಡಿ.ಐ. ತಂತಿಯನ್ನು ಹಾಕಿಸಿ, ನುಡಿಸದೆ ಸುಮ್ಮನಿದ್ದಾಗ ಗೊರಗೊರ ಸದ್ದು ಬರುವುದೇ ಎಂದು ಪರೀಕ್ಷಿಸಬೇಕು. ಸಭಿಕರು ಕೇಳುವುದು ಆ ತಂತಿಯನ್ನೇ. ಸದ್ದು ಬಂದರೆ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕಿತ್ತುಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಲೇಬಾರದು. ಅದು ಭೂಸಂಪರ್ಕದ ಕಡ್ಡಿ. ಲೋಹದ ತಂತಿಗಳನ್ನು ಬರಿಗೈಯಲ್ಲಿ ಹಿಡಿದು ನುಡಿಸುವವರ ಜೀವ ಅದನ್ನು ಅವಲಂಬಿಸಿದೆ.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಮ್ಮನೋ ರಜೆಗೆ ಬರುವಾಗ ಹೆಡ್ಡನ್ನು ತಂದುಕೊಡುವೆನೆಂದರೆ, ತರಿಸುವ ಮೊದಲು ಹಿಂಬದಿಯ ಚಿತ್ರವೊಂದನ್ನು ಕಳುಹಿಸಲು ಕೇಳಬೇಕು. ಅಲ್ಲಿನ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. “೧೦೦–೨೪೦” ಎಂದು ಅಚ್ಚಾಗಿದ್ದರೆ ತಂತಿಯನ್ನು ಬದಲಿಸಿದರೆ ಸಾಕು. ವೋಲ್ಟೇಜು ಬದಲಿಸುವ ಗುಂಡಿಯಿದ್ದರೆ ಅದನ್ನು ತಿರುಗಿಸಿದ ಮೇಲೆಯೇ ಪ್ಲಗ್ಗು ಹಾಕಬೇಕು. “೧೨೦” ಎಂದಷ್ಟೇ ಇದ್ದರೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರೊಂದನ್ನು ಕೊಳ್ಳಬೇಕಾಗುವುದರಿಂದ, ಅದರ ಬೆಲೆಯನ್ನೂ ತೂಕವನ್ನೂ ಹೆಡ್ಡಿನ ಬೆಲೆಗೂ ತೂಕಕ್ಕೂ ಕೂಡಿಸಿ ನೋಡಬೇಕು.